ಗೇರ್ ಬಾಕ್ಸಿನಲ್ಲಿ ಕೆಂಪು ಎಲ್ಲಿದೆ, ತೋರಿಸಿ

ಕಾರು ಕಂಪನಿಯ ವಾರಂಟಿ ಮ್ಯಾನೇಜರ್ ಸಾಹೇಬರೇ,

ನನ್ನ ಹೆಂಡತಿ ಎಲೆಅಡಿಕೆ ಉಗುಳಿ ಉಗುಳಿ ನಿಮ್ಮ ಕಾರಿನ ಗೇರ್ ಬಾಕ್ಸನ್ನು ಹಾಳು ಮಾಡಿದಳೆಂದು ನೀವು ದಾವಣಗೆರೆಯ ಶೋರೂಮಿನಲ್ಲಿ ಕೂತು, ಗಿರಾಕಿಗಳೆಲ್ಲ ಕೇಳುವಂತೆ, ಆಕೆಯ ಅಕ್ಕನ ಮಗನಿಗೆ ಹೇಳಿದಿರಿ. ಅದು ಸುಳ್ಳು. ಆ ಸುಳ್ಳನ್ನು ನೀವು ವಾಪಸು ತೆಗೆದುಕೊಳ್ಳಬೇಕು. ರಿಪೇರಿಯ ದುಡ್ಡು ಕೇಳಲು ನಾನು ಬರೆಯುತ್ತಿಲ್ಲ. ಅದನ್ನು ಕೊಟ್ಟಾಗಿದೆ, ನಿಮ್ಮ ಕಂಪನಿ ಅದರಲ್ಲಿ ಹೊಸ ಮೇಜು ಕುರ್ಚಿ ಮಾಡಿಸಿಕೊಂಡು ಸುಖವಾಗಿರಲಿ. ನಿಮಗೆ ಖಾಸಗಿಯಾಗಿ ಬರೆದ ಕಾಗದಗಳಿಗೆಲ್ಲ ‘ಯುವರ್ ಲೆಟರ್ ಈಸ್ ಅಂಡರ್ ಕನ್ಸಿಡರೇಷನ್’ ಎಂಬ ಒಂದೇ ಮಂತ್ರ ಬಂದದ್ದರಿಂದ, ಈ ಸಲ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ಕನ್ಸಿಡರ್ ಮಾಡುವ ಕಷ್ಟದ ಕೆಲಸದಲ್ಲಿ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಜನ ನಿಮಗೆ ನೆರವಾಗಲಿ.

ಕಾರಿಗೆ ನಾನು ಏನು ಮಾಡಿಸಿದ್ದೆ ಎಂಬುದನ್ನು ಮುಚ್ಚಿಡುವುದಿಲ್ಲ. ವಾರಂಟಿ ಇಲ್ಲವೆಂಬ ನಿಮ್ಮ ಕಾಗದದಲ್ಲಿ ಅದಕ್ಕೆ ‘ಅನ್‌ಆಥರೈಸ್ಡ್ ಆಲ್ಟರೇಷನ್’ ಎಂದು ದೊಡ್ಡ ಹೆಸರು ಕೊಟ್ಟಿದ್ದೀರಿ. ಓದಿದರೆ ಕಾರಿಗೆ ರೆಕ್ಕೆ ಕಟ್ಟಿಸಿದೆನೇನೋ ಅನ್ನಿಸಬೇಕು. ನನ್ನ ಹೆಂಡತಿ ಶಿವಗಂಗಮ್ಮ ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದಳು. ಮೂಳೆ ಕೂಡಿತು, ಆದರೆ ಎಡಗಾಲು ಮಡಚದಂತಾಯಿತು. ನಿಮ್ಮ ವೇಟಿಂಗ್ ಲಿಸ್ಟಿನಲ್ಲಿ ವರ್ಷಗಟ್ಟಲೆ ಕಾದು, ಕೊನೆಗೂ ಕಾರು ಬಂದಾಗ, ಮುಂದಿನ ಎಡಗಡೆಯ ಸೀಟನ್ನು ನಮ್ಮೂರಿನ ವೆಲ್ಡಿಂಗ್ ಅಂಗಡಿಯಲ್ಲಿ ಹಿಂದಕ್ಕೆ ಸರಿಸಿ ಕೂರಿಸಿದೆ. ಆಕೆ ಕಾಲು ಚಾಚಿ ಕೂರಬಹುದಾಗಿದ್ದ ವಾಹನ ಇಡೀ ಚನ್ನಗಿರಿಯಲ್ಲಿ ಅದೊಂದೇ. ಎರಡನೆಯದು, ಪೀಕದಾನಿ. ಅಡಿಕೆಯ ಊರಿನ ಹೆಂಗಸು, ಬಾಯಲ್ಲಿ ಎಲೆ ಇಲ್ಲದೆ ಮಾತು ಬಾರದವಳು. ಕಿಟಕಿಗೆ ಬಗ್ಗಿ ಉಗುಳಲು ಸೊಂಟ ಒಪ್ಪುತ್ತಿರಲಿಲ್ಲ. ಜಗಳೂರಿನಲ್ಲಿರುವ ಆಕೆಯ ಅಕ್ಕ ಕಸ್ತೂರಮ್ಮ ತಮ್ಮ ಮನೆಯ ಹಿತ್ತಾಳೆ ಪೀಕದಾನಿಯನ್ನು ಬಟ್ಟೆಯಲ್ಲಿ ಸುತ್ತಿ ಕಳಿಸಿದ್ದರು. ಬಾಗಿಲಿನ ಒಳಮೈಗೆ ಕಬ್ಬಿಣದ ಬಳೆ ಹೊಡೆಸಿ ಅದನ್ನು ಕೂರಿಸಿ, ಕೆಳಗಿನಿಂದ ಒಂದು ರಬ್ಬರ್ ಪೈಪು ರಸ್ತೆಗೆ ಬಿಡಿಸಿದೆ.

"ಏನ್ರೀ ಇದು, ಕಾರಿಗೂ ಬಾಯಿ ಇಡಿಸೀರಿ?" ಎಂದು ಆಕೆ ನಕ್ಕಳು.

"ಬಾಯಿ ನಿಂದೇ. ಅದಕ್ಕೆ ಕಿವಿ ಅಷ್ಟೇ ಇಡಿಸೀನಿ," ಎಂದೆ.

"ಹಂಗಾದ್ರೆ ನಿಮಗಿಂತ ವಾಸಿ ಬಿಡ್ರಿ, ಹೇಳಿದ್ದು ಕೇಳ್ತೈತೆ."

ಇದಿಷ್ಟೇ ಸಾಹೇಬರೇ ನನ್ನ ಆಲ್ಟರೇಷನ್ನು. ಸೀಟು ಮತ್ತು ಪೀಕದಾನಿ. ಎರಡೂ ಎಡಗಡೆ, ಎರಡೂ ಗೇರ್ ಬಾಕ್ಸಿನ ತಂಟೆಗೆ ಹೋದವಲ್ಲ. ಗೇರ್ ಬಾಕ್ಸು ಎಂಬುದು ಕಾರಿನ ನಡುವೆ, ಎಲ್ಲ ಕಡೆ ಬೋಲ್ಟು ಬಿಗಿದ ಕಬ್ಬಿಣದ ಪೆಟ್ಟಿಗೆ ಎಂದು ನಿಮಗೆ ನಾನು ಹೇಳಬೇಕೇ? ಹೇಳಬೇಕಾಗಿ ಬಂದಿದೆ, ಅದಕ್ಕೇ ಕೇಳಿದೆ.

ಸಂಕ್ರಾಂತಿ ಕಳೆದ ಮೇಲೆ ನಾವು ಜಗಳೂರಿಗೆ ಹೊರಟೆವು. ಕಸ್ತೂರಮ್ಮನವರಿಗೆ ಲಕ್ವ ಹೊಡೆದು ಅವರು ಮನೆ ಬಿಟ್ಟು ಏಳುವಂತಿರಲಿಲ್ಲ. ಇವಳಿಗೆ ಬಸ್ಸು ಹತ್ತಲು ಆಗುತ್ತಿರಲಿಲ್ಲ. ಅಕ್ಕ ತಂಗಿ ಮುಖ ನೋಡಿ ಬಹಳ ಕಾಲವಾಗಿತ್ತು. ಕಾರು ಬುಕ್ ಮಾಡಿದ್ದೇ ಈ ಒಂದು ಪ್ರಯಾಣಕ್ಕೆ ಎಂದರೂ ತಪ್ಪಿಲ್ಲ. ಸಂತೇಬೆನ್ನೂರು ದಾಟಿದ ಮೇಲೆ ಕೆಳಗಿನಿಂದ ಒಂದು ಸದ್ದು ಶುರುವಾಯಿತು. "ಜೋಳ ಬೀಸಿದಂಗೆ ಕೇಳ್ತೈತಲ್ರೀ," ಎಂದಳು. ಹೊಸ ಕಾರು, ಹಾಗೇ ಇರುತ್ತದೆ ಎಂದು ನಾನು ಹೇಳುತ್ತಿರುವಾಗಲೇ ಗೇರು ಕೈಗೆ ಬರದೆ ಕಾರು ನಿಂತಿತು. ಒಂದು ಟ್ರ್ಯಾಕ್ಟರಿನವರು ಪುಣ್ಯಾತ್ಮರು, ಟ್ರೇಲರಿನಲ್ಲಿ ಹುಲ್ಲು ಹಾಸಿ ಆಕೆಯನ್ನು ಮಲಗಿಸಿ ಮನೆಗೆ ತಂದುಬಿಟ್ಟರು. ಆ ಕುಲುಕಾಟದಲ್ಲಿ ಆಕೆ ಪಟ್ಟ ನೋವು ನೋಡಿದ ಮೇಲೆ, ಇನ್ನೊಮ್ಮೆ ಟ್ರೇಲರಿನಲ್ಲಿ ಹೋಗೋಣವೇ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಬಾಡಿಗೆ ಕಾರು ತರಿಸಿ ನೋಡಿದೆ. ಕಾಲು ಮಡಚದೆ ಅದರೊಳಗೆ ಕೂರುವುದು ಆಗಲಿಲ್ಲ.

ನಮ್ಮ ಕಾರನ್ನು ನಿಮ್ಮ ವರ್ಕ್‌ಶಾಪಿಗೆ ಎಳೆಸಿದೆ. ವಾರಂಟಿಯ ಅವಧಿಯೊಳಗೇ ಇತ್ತು. ನಿಮ್ಮ ಹೆಡ್ಡಾಫೀಸಿನಿಂದ ಒಬ್ಬ ಇನ್ಸ್‌ಪೆಕ್ಟರು ಬಂದರು. ಅವರ ಪ್ಯಾಂಟಿನ ಇಸ್ತ್ರಿ ಮುರಿಯದಂತೆ ಮೊದಲು ನೆಲಕ್ಕೆ ಗೋಣಿಚೀಲ ಹಾಸಲಾಯಿತು. ಬಗ್ಗಿ ನೋಡಿದರು. ಗಾಳಿಗೆ ಹಾರಿದ ಎಲೆಅಡಿಕೆಯ ಕೆಂಪು ಕಾರಿನ ತಳಕ್ಕೆಲ್ಲ ಮೆತ್ತಿಕೊಂಡು ಒಣಗಿತ್ತು. ಬೆರಳಿನಲ್ಲಿ ಕೆರೆದು, ಮೂಗಿನ ಹತ್ತಿರ ಹಿಡಿದು, "ವಾಟ್ ಈಸ್ ದಿಸ್ ಫ್ಲೂಯಿಡ್?" ಎಂದರು. ನಿಮ್ಮ ವರ್ಕ್‌ಶಾಪಿನವರೊಬ್ಬರು ನಗು ತಡೆದುಕೊಂಡು, "ಎಲೆಅಡಿಕೆ ಸಾರ್, ಊಟ ಆದ್ಮೇಲೆ ಹಾಕ್ಕೊಳಾದು," ಎಂದರು. ಇನ್ಸ್‌ಪೆಕ್ಟರು ನಗಲಿಲ್ಲ. ಆಯಿಲು ಎಂದು ತಿಳಿದು ಉಗುಳನ್ನು ಮೂಸಿದ ಮನುಷ್ಯನಿಗೆ ಹೇಗೆ ತಾನೇ ನಗು ಬರಬೇಕು? ಆ ಅವಮಾನದ ಸೇಡನ್ನು ಅವರು ರಿಪೋರ್ಟಿನಲ್ಲಿ ತೀರಿಸಿಕೊಂಡರು: ಗೇರ್ ಬಾಕ್ಸು ಕೆಟ್ಟದ್ದು ಪ್ರಯಾಣಿಕರು ಉಗುಳಿದ ದ್ರವದಿಂದ, ಆದ್ದರಿಂದ ವಾರಂಟಿ ಇಲ್ಲ. ಪೆಟ್ಟಿಗೆಯ ಒಂದು ಬೋಲ್ಟನ್ನೂ ಬಿಚ್ಚದೆ ಬರೆದರು.

ನಾನು ಇಂಟರ್ಮೀಡಿಯೆಟ್‌ನಲ್ಲಿ ಲಾಜಿಕ್ ಓದಿದವನು. ಇಂಗ್ಲಿಷು ಬಹಳ ಮಟ್ಟಿಗೆ ಕೈಬಿಟ್ಟಿದೆ. ನನ್ನ ವ್ಯಾಪಾರದ ಮಂಡಿಯಲ್ಲಿ ಅಡಿಕೆಯ ಸಂಗಡ ಇಂಗ್ಲಿಷು ಮಾತಾಡುವ ಪ್ರಸಂಗ ಬರಲಿಲ್ಲ. ಆದರೆ ನಮ್ಮ ಲಾಜಿಕ್ ಮೇಷ್ಟ್ರು, ಪಾಪ, ಛತ್ರಿಯಿಂದ ಮೇಜು ಕುಟ್ಟುತ್ತಾ ಹೇಳಿಕೊಟ್ಟ ಒಂದು ತಪ್ಪಿನ ಹೆಸರು ನೆನಪಿದೆ: ‘ಪೋಸ್ಟ್ ಹಾಕ್ ಎರ್ಗೋ’. ಮುಂದೆ ಎರಡು ಪದ ಇವೆ, ಮರೆತಿದ್ದೇನೆ. ಲ್ಯಾಟಿನ್ನೋ ಗ್ರೀಕೋ ಅದೂ ಮರೆತಿದ್ದೇನೆ. ಅರ್ಥ ಮರೆತಿಲ್ಲ. ಶಿವಮೊಗ್ಗದ ಬಸ್ಸು ಬಂದ ಮೇಲೆ ಮಳೆ ಬಂದರೆ, ಮಳೆಯನ್ನು ಬಸ್ಸೇ ತಂದಿತು ಎನ್ನುವವನಿಗೆ ಮೇಷ್ಟ್ರು ಪಾಸ್ ಮಾರ್ಕು ಕೊಡುತ್ತಿರಲಿಲ್ಲ. ನೀವು ಅಂಥವನಿಗೆ ಸಂಬಳ, ಭತ್ಯೆ, ಗೋಣಿಚೀಲ ಎಲ್ಲ ಕೊಡುತ್ತೀರಿ.

ಇನ್ನೊಂದು ವಿಷಯ. ನಾನೊಬ್ಬನೇ ಆಗಿದ್ದರೆ ನನ್ನ ಹಣೆಬರಹ ಎನ್ನಬಹುದಿತ್ತು. ಹೊನ್ನಾಳಿಯ ರೈಸ್ ಮಿಲ್ಲಿನ ವಿರೂಪಾಕ್ಷಪ್ಪನವರು ಅದೇ ತಿಂಗಳಲ್ಲಿ ಅದೇ ಕಾರು ತೆಗೆದುಕೊಂಡರು. ಅದೇ ಜೋಳ ಬೀಸುವ ಸದ್ದು, ಅದೇ ಗೇರು. ಅವರಿಗೆ ನೀವು ಕೊಟ್ಟ ಕಾರಣ, ಬಾನೆಟ್ಟಿನ ಮೇಲೆ ಹಿತ್ತಾಳೆ ಬಸವಣ್ಣನನ್ನು ಕೂರಿಸಿದ್ದು. ನ್ಯಾಮತಿಯ ತಿಪ್ಪೇರುದ್ರಸ್ವಾಮಿಯವರು ಎಲೆಅಡಿಕೆ ಹೋಗಲಿ, ಚಹಾ ಕೂಡ ಮುಟ್ಟದ ಮಡಿವಂತರು. ಅವರ ಕಾರಿನ ಗೇರ್ ಬಾಕ್ಸೂ ಹೋಯಿತು. ಅವರು ಕಿಟಕಿಗೆ ಪರದೆ ಹಾಕಿಸಿದ್ದರಂತೆ. ಪರದೆಯಿಂದ ಗೇರು ಕೆಡುತ್ತದೆ! "ನಿಮ್ಮನೆಯಾಕೆ ಉಗುಳಿದ್ದು ನನ್ನ ಕಾರಿಗೂ ಬಂತೇನ್ರೀ ಶಿವಮೂರ್ತಪ್ಪನೋರೇ?" ಎಂದು ಸ್ವಾಮಿಯವರು ನನ್ನನ್ನೇ ಕೇಳಿದರು. ಈ ಪ್ರಶ್ನೆಯನ್ನು ತಮ್ಮ ಸನ್ನಿಧಾನಕ್ಕೆ ದಾಟಿಸಿದ್ದೇನೆ.

ಈಗ ನನ್ನ ರಕ್ತ ಕುದಿಸಿದ ಭಾಗಕ್ಕೆ ಬರುತ್ತೇನೆ. ಇತ್ತ ಶಿವಗಂಗಮ್ಮ ಹಾಸಿಗೆ ಹಿಡಿದಳು. ವಾರಂಟಿ ಹಾಳಾಗಲಿ, ನಾನೇ ಖರ್ಚು ಕೊಡುತ್ತೇನೆ, ಮೊದಲು ಕಾರು ಓಡುವಂತೆ ಮಾಡಿ ಎಂದೆ. ಹೆಡ್ಡಾಫೀಸಿನ ತೀರ್ಮಾನ ಬರುವವರೆಗೆ ಗಾಡಿ ಮುಟ್ಟುವಂತಿಲ್ಲ ಎಂದಿರಿ. ಆಗ ಕಸ್ತೂರಮ್ಮನವರ ಮಗ ಬೆನಕಪ್ಪ ಜಗಳೂರಿನಿಂದ ಬಸ್ಸಿನಲ್ಲಿ ಬಂದು ನಿಮ್ಮ ಮೇಜಿನ ಮುಂದೆ ನಿಂತ. ಅಲ್ಲಿ ನಡೆದದ್ದನ್ನು ಅವನ ಬಾಯಿಂದ ಕೇಳಿದ್ದೇನೆ, ಆ ಹೊತ್ತು ಅಲ್ಲಿದ್ದ ಗಿರಾಕಿಯೊಬ್ಬರ ಬಾಯಿಂದಲೂ ಕೇಳಿದ್ದೇನೆ. ಇಬ್ಬರ ಮಾತಿಗೂ ವ್ಯತ್ಯಾಸವಿಲ್ಲ.

"ಸಾಹೇಬ್ರೆ, ಚಿಕ್ಕಮ್ಮಂಗೆ ಭಾಳ ಕಷ್ಟ ಐತ್ರೀ. ನಮ್ಮವ್ವನ್ನ ನೋಡ್ಬೇಕು ಅಂತಾಳೆ. ಗಾಡಿ ರಿಪೇರಿ ಮಾಡಿಕೊಡ್ರಿ, ಜಗಳ ಆಮೇಲೆ ಮಾಡಾಕೆ ಬರ್ತೈತೆ."

ನೀವು ಫೈಲಿನಿಂದ ತಲೆ ಎತ್ತದೆ ಅಂದಿರಿ: "ಕಾರಿನ ಒಳಗೆ ಪೀಕದಾನಿ ಇಟ್ಟುಕೊಂಡು ಉಗುಳಿ ಉಗುಳಿ ಗೇರ್ ಬಾಕ್ಸ್ ಕೆಡಿಸಿದ್ದೇ ನಿಮ್ಮ ಚಿಕ್ಕಮ್ಮ. ಈಗ ಅವಸರ ಅಂದ್ರೆ ಯಾರು ಏನು ಮಾಡೋಕಾಗುತ್ತೆ? ಆ ಪೀಕದಾನಿ ಇಲ್ಲದಿದ್ರೆ ಇಷ್ಟು ಹೊತ್ತಿಗೆ ಕಾರು ಜಗಳೂರಿನಲ್ಲಿ ಇರುತ್ತಿತ್ತು."

ಬೆನಕಪ್ಪ ತಾಯಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲದವನು. ಕೇಳಿದ್ದನ್ನು ಕೇಳಿದ ಹಾಗೆ ಹೋಗಿ ಹೇಳಿದ. ಶಿವರಾತ್ರಿ ಬರುವ ಮೊದಲೇ ನನ್ನ ಹೆಂಡತಿ ತೀರಿಕೊಂಡಳು. ಅಕ್ಕನನ್ನು ನೋಡಲಿಲ್ಲ.

ತಿಥಿ ಮುಗಿಸಿ ನಾನು ಜಗಳೂರಿಗೆ ಹೋದೆ. ಕಸ್ತೂರಮ್ಮ ಗೋಡೆಗೆ ಒರಗಿ ಕೂತಿದ್ದರು. ಅವರ ಪಕ್ಕದಲ್ಲಿ ಯಾವಾಗಲೂ ಇರುತ್ತಿದ್ದ ಎಲೆಯ ತಟ್ಟೆ ಇರಲಿಲ್ಲ, ಎಲೆ ಹಾಕುವುದನ್ನೇ ಬಿಟ್ಟಿದ್ದರು. ಕೇಳಿದೆ.

"ನಾನೇ ಅಲ್ವಾ ಆ ಪೀಕದಾನಿ ಕಳಿಸಿದ್ದು," ಎಂದರು. "ಹಿತ್ತಾಳೇದು, ಗಟ್ಟಿ ಐತೆ ಅಂತ ಕಳಿಸಿದೆ. ಅದು ಇಲ್ದಿದ್ರೆ ಗಂಗಿ ಬಂದಿರ್ತಿದ್ಲಂತೆ. ಕಾರಿನೋರೇ ಹೇಳ್ಯಾರೆ. ಓದಿದೋರು ಸುಳ್ಳು ಯಾಕೆ ಹೇಳ್ತಾರೆ?"

"ಅವ್ರು ಹೇಳಿದ್ದು ಸುಳ್ಳೇ ಅಕ್ಕಾ."

"ನೀವು ನನ್ನ ಸಮಾಧಾನಕ್ಕೆ ಅಂತೀರಿ. ನೀವು ಹಂಗೇ ಅನ್ನೋರು."

ಓದಿದವರು ಸುಳ್ಳು ಯಾಕೆ ಹೇಳುತ್ತಾರೆ? ಸಾಹೇಬರೇ, ಈ ಪ್ರಶ್ನೆಗೆ ಉತ್ತರ ನಿಮ್ಮ ಹತ್ತಿರ ಇದ್ದೀತು. ಲಕ್ವದಲ್ಲಿ ಅರ್ಧ ಮೈ ಕಳೆದುಕೊಂಡ ಹೆಂಗಸು, ತಂಗಿ ತನ್ನಿಂದ ದೂರ ಸತ್ತದ್ದು ತಾನು ಪ್ರೀತಿಯಿಂದ ಕಳಿಸಿದ ಪೀಕದಾನಿಯಿಂದ ಎಂದು ನಂಬಿ ಕೂತಿದ್ದಾಳೆ. ಒಂದು ಗೇರ್ ಬಾಕ್ಸಿನ ಖರ್ಚು ಉಳಿಸಲು ನೀವು ಆಡಿದ ಮಾತು ಅದು. ನಿಮಗೆ ಅವಳ ಹೆಸರು ಕೂಡ ಗೊತ್ತಿರಲಿಲ್ಲ. ಈಗ ಗೊತ್ತಾಯಿತು. ಇನ್ನು ಮರೆಯಲು ನಾನು ಬಿಡುವುದಿಲ್ಲ.

ಹೆಂಡತಿ ಹೋದ ಮೇಲೆ ನಿಮ್ಮ ಹೆಡ್ಡಾಫೀಸಿನ ತೀರ್ಮಾನ ಬಂತು, ವಾರಂಟಿ ಇಲ್ಲ ಎಂದು. ಬಹಳ ಸಂತೋಷವಾಯಿತು. ಯಾಕೆ ಗೊತ್ತೇ? ವಾರಂಟಿ ಕೊಟ್ಟಿದ್ದರೆ ಹಳೆಯ ಗೇರ್ ಬಾಕ್ಸು ನಿಮ್ಮದಾಗುತ್ತಿತ್ತು. ನೀವು ಅದನ್ನು ತೆಗೆದುಕೊಂಡು ಹೋಗಿ ಗುಜರಿಯಲ್ಲಿ ಮಣ್ಣು ಮಾಡುತ್ತಿದ್ದಿರಿ. ನಾನು ಪೂರಾ ದುಡ್ಡು ಕಟ್ಟಿದ್ದರಿಂದ ಹಳೆಯ ಮಾಲು ನನ್ನದು. ಅದನ್ನು ಹಾಗೇ ಬಿಗಿದಂತೆ ಚನ್ನಗಿರಿಗೆ ತಂದು, ಬಸ್ ಸ್ಟ್ಯಾಂಡಿನ ಹತ್ತಿರ ಮೇಜಿನ ಮೇಲೆ ಇಟ್ಟು, ಎಲ್ಲರ ಮುಂದೆ ಬಿಚ್ಚಿಸಿದೆ. ಒಳಗೆ ಕಪ್ಪು ಆಯಿಲು, ಮುರಿದ ಹಲ್ಲುಗಳು. ಕೆಂಪು ಒಂದು ಹನಿ ಇಲ್ಲ. ಅದು ಇನ್ನೂ ಅಲ್ಲೇ ಇದೆ. ಮೇಲೆ ಒಂದು ಬೋರ್ಡು: ‘ಇದರಲ್ಲಿ ಎಲೆಅಡಿಕೆ ಹುಡುಕಿಕೊಡಿ’. ಕೆಳಗೆ ನಿಮ್ಮ ಕಂಪನಿಯ ಹೆಸರು, ದಪ್ಪಕ್ಷರದಲ್ಲಿ.

ಜನಕ್ಕೆ ಬಸ್ಸು ಬರುವವರೆಗೆ ಬೇರೆ ಕೆಲಸವಿಲ್ಲ. ಬಂದು ಬಂದು ಬಗ್ಗಿ ನೋಡುತ್ತಾರೆ. "ಯಾರ್ದ್ರೀ ಇದು ಪೋಸ್ಟ್‌ಮಾರ್ಟಂ?" ಎಂದು ಒಬ್ಬರು. ಅಲ್ಲೇ ವೀಳ್ಯದೆಲೆ ಮಾರುವ ದ್ಯಾಮಮ್ಮ ಒಂದು ಮುರಿದ ಗೇರನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, ತನ್ನ ಬಾಯಿ ತೆರೆದು ಎಲ್ಲರಿಗೂ ತೋರಿಸಿದಳು. "ಎಲೆಅಡಿಕೆ ತಿಂದ ಹಲ್ಲು ಹಿಂಗಿರ್ತಾವೆ, ನೋಡ್ರಪ್ಪಾ. ಇದು ಹುಟ್ಟಿದಾಗಿಂದ ತಿಂದಿಲ್ಲ. ಆ ಕಂಪನಿಯೋರಿಗೆ ಹೇಳ್ರಿ, ಹಲ್ಲು ಮೊದಲೇ ಹುಳುಕು ಅಂತ." ನಿಮ್ಮ ಇನ್ಸ್‌ಪೆಕ್ಟರ ರಿಪೋರ್ಟಿಗೆ ಇದು ನಮ್ಮೂರಿನ ಕೌಂಟರ್ ರಿಪೋರ್ಟು ಎಂದು ತಿಳಿಯಿರಿ. ಮುಂದಿನ ವಾರ ಈ ಪೆಟ್ಟಿಗೆ ಬಸ್ಸಿನ ಟಾಪಿನ ಮೇಲೆ, ಲಗೇಜು ಟಿಕೆಟ್ಟು ಮಾಡಿಸಿಕೊಂಡು, ಹೊನ್ನಾಳಿಯ ಸಂತೆಗೆ ಹೋಗುತ್ತದೆ. ಅಲ್ಲಿಂದ ನ್ಯಾಮತಿಗೆ. ವಿರೂಪಾಕ್ಷಪ್ಪನವರದೂ ತಿಪ್ಪೇರುದ್ರಸ್ವಾಮಿಗಳದೂ ಜೊತೆಗೆ ಕೂರುತ್ತವೆ. ಆಮೇಲೆ ಮೂರನ್ನೂ ನಿಮ್ಮ ಶೋರೂಮಿನ ಎದುರಿನ ಫುಟ್‌ಪಾತಿಗೆ ತರುತ್ತೇನೆ. ನನಗೆ ಮನೆಯಲ್ಲಿ ಕಾಯುವವರಿಲ್ಲ, ಸಾಹೇಬರೇ. ದಿನವಿಡೀ ಕೂರಬಲ್ಲೆ.

ಇದು ನಿಲ್ಲಬೇಕಾದರೆ ಕ್ಷಮಾಪಣೆಯ ಟೈಪು ಮಾಡಿದ ಕಾಗದ ಬೇಡ. ಪರಿಹಾರ ಬೇಡ. ಅಕ್ಕ ಓದಲಾರಳು, ನನ್ನ ಮಾತು ನಂಬಲಾರಳು. ಆಕೆ ನಂಬಿರುವುದು ನಿಮ್ಮನ್ನು. ಆದ್ದರಿಂದ ನೀವೇ ಜಗಳೂರಿಗೆ ಹೋಗಬೇಕು. ಆಕೆಯ ಎದುರಿಗೆ ನೆಲದ ಮೇಲೆ ಕೂತು, ಗೋಣಿಚೀಲ ಹಾಸಿಕೊಂಡರೂ ಅಡ್ಡಿಯಿಲ್ಲ, ಕನ್ನಡದಲ್ಲಿ ಹೇಳಬೇಕು: ಗೇರ್ ಬಾಕ್ಸು ಫ್ಯಾಕ್ಟರಿಯಿಂದಲೇ ಕೆಟ್ಟದ್ದಾಗಿತ್ತು, ನಿಮ್ಮ ತಂಗಿಯನ್ನು ತಡೆದದ್ದು ನಾವು. ಹೇಳಿ ತಕ್ಷಣ ಎದ್ದು ಬರಬೇಡಿ. ಬೆನಕಪ್ಪ ಎಲೆಯ ತಟ್ಟೆ ತಂದು ಮುಂದಿಡುತ್ತಾನೆ. ಆಕೆಗೆ ಆಡುವುದು ಒಂದೇ ಕೈ. ಆ ಕೈಯಿಂದ ಎಲೆ ಎತ್ತಿಕೊಂಡರೆ ಸುಣ್ಣ ನೀವು ಹಚ್ಚಿಕೊಡಿ, ಪೆಟ್ಟಿಗೆಗಳನ್ನು ನಾನು ಅಂದೇ ಮನೆಗೆ ಒಯ್ಯುತ್ತೇನೆ. ಎತ್ತಿಕೊಳ್ಳದಿದ್ದರೆ ಮರುದಿನ ಮತ್ತೆ ಹೋಗಿ ಹೇಳಿ.

ಇಂತಿ, ತಮ್ಮ ಕಾರನ್ನು ಪಕ್ಕದ ಸೀಟು ಖಾಲಿ ಬಿಟ್ಟು ಓಡಿಸುತ್ತಿರುವ ಗಿರಾಕಿ,
ಶಿವಮೂರ್ತಪ್ಪ
ಚನ್ನಗಿರಿ, ಏಪ್ರಿಲ್ ೧೯೮೩