ಆಯುಧಪೂಜೆಯ ದಿನ ತೊಳೆದ ಗಾಜು

ಗಂಗಾನಗರ, ಬೆಂಗಳೂರು
೬ ಅಕ್ಟೋಬರ್ ೨೦೨೫, ಸೋಮವಾರ

ಪ್ರೀತಿಯ ಮಗಳು ಸಂಯುಕ್ತಾ,

ಹೇಗಿದ್ದೀಯಮ್ಮ? ಜೋಧಪುರದ ಬಿಸಿಲು ತಗ್ಗಿತೇ? ಒಣಗಾಳಿಗೆ ಮೂಗಿನಲ್ಲಿ ರಕ್ತ ಬರುತ್ತಿತ್ತಲ್ಲ, ನಿಂತಿತೇ? ತುಪ್ಪ ಸವರಿಕೊಂಡು ಮಲಗು ಅಂದಿದ್ದೆ, ಸವರಿಕೊಂಡಿರುವುದಿಲ್ಲ, ಗೊತ್ತು. ಇಲ್ಲಿ ಐ ಆಮ್ ಕ್ವೈಟ್ ವೆಲ್ ಅಂಡ್ ಹೋಪ್ ಯು ಆರ್ ದ ಸೇಮ್. ಪಿಯುಸಿಯಲ್ಲಿ ಉರು ಹೊಡೆದ ಸಾಲು, ಇದರ ಮುಂದಿನದು ಮರೆತಿದೆ. ಫೋನ್ ಇರುವಾಗ ಕಾಗದ ಯಾಕೆ ಅಂತೀಯ. ಫೋನಿನಲ್ಲಿ ನೀನು "ಅಪ್ಪಾ, ಬೇಗ ಹೇಳಿ, ಲ್ಯಾಬಲ್ಲಿದೀನಿ" ಅಂದ ಕೂಡಲೇ ನನಗೆ ಎಲ್ಲ ಮರೆತುಹೋಗುತ್ತದೆ. ಅಲ್ಲದೆ ಈ ಡಬ್ಬಿಯಲ್ಲಿ ನಿನ್ನ ನಾಲ್ಕೂ ಗಾಜಿನ ತುಂಡುಗಳಿವೆ. ಅವನ್ನು ನೋಡುವ ಮೊದಲು ನೀನು ಇದನ್ನು ಓದಲಿ ಅಂತ ಮೇಲೆ ಇಟ್ಟಿದ್ದೇನೆ.

ಪೆರೋವ್‌ಸ್ಕೈಟ್ ಎಂಬ, ಈ ಗಾಜಿಗೆ ನೀನು ಬಳಿದ ಸೋಲಾರ್ ಪದಾರ್ಥದ ಹೆಸರು ನನ್ನ ನಾಲಿಗೆಗೆ ಇನ್ನೂ ಒಗ್ಗಿಲ್ಲ. ಆದರೆ ವಿಷಯ ಮರೆತಿಲ್ಲ. ಕೆಂಪು ಟೇಪಿನ ಎರಡು ಮಾಮೂಲಿಯವು, ಬಿಸಿಲಿಗೆ ಜೋರಾಗಿ ಕರೆಂಟು ಕೊಡುತ್ತವೆ, ತೇವ ಕಂಡರೆ ಆಗದು. ಹಸಿರು ಟೇಪಿನವು ಪದರದವು, ಕರೆಂಟು ಒಂಚೂರು ಕಮ್ಮಿ, ಬಾಳಿಕೆ ಹೆಚ್ಚು ಎಂದು ನಿನ್ನ ನಂಬಿಕೆ. "ಅಮ್ಮ ಮಾಡ್ತಿದ್ದ ಚಿರೋಟಿ ಥರ ಅಪ್ಪಾ. ಪದರದ ಮಧ್ಯೆ ತುಪ್ಪ ಸವರ್ತಿದ್ಲಲ್ಲ, ಹಂಗೆ ನಾವು ನೀರು ಬಿಟ್ಕೊಳ್ದೇ ಇರೋದನ್ನ ಸೇರಿಸ್ತೀವಿ" ಅಂದಿದ್ದೆ. ನಿಮ್ಮಮ್ಮ ಹೋದ ಮೇಲೆ ನಾನು ತಾರಸಿ ಹತ್ತಿರಲಿಲ್ಲ. ಅವಳು ಹಪ್ಪಳ ಒಣಗಿಸುತ್ತಿದ್ದ ಕಟ್ಟೆಯ ಮೇಲೆಯೇ ನೀನು ಈ ಗಾಜುಗಳನ್ನು ಕೂರಿಸಿದ ಹಲಗೆ ಇಟ್ಟು, ಕೈಗೆ ಮೀಟರ್ ಕೊಟ್ಟು ಹೋದೆ. ಮಧ್ಯಾಹ್ನ ಊಟಕ್ಕೆ ಮುಂಚೆ ಹತ್ತಿ ಅಳತೆ ನೋಡಿ ನಿನಗೆ ಕಳಿಸುವುದೇ ನನಗೊಂದು ಆಫೀಸು ಆಗಿಬಿಟ್ಟಿತ್ತು. ದೀಪಾವಳಿಯೊಳಗೆ ಈ ಅಳತೆಗಳು ನಿನ್ನ ಗೈಡ್ ಕೈ ಸೇರದಿದ್ದರೆ ಇನ್ನೊಂದು ಬೇಸಿಗೆ ಕಾಯಬೇಕು ಅಂದದ್ದು ನೆನಪಿದೆ. ಅದಕ್ಕೇ ಹೇಳಲು ಹೆದರಿಕೆ.

ಹಬ್ಬಕ್ಕೆಂದು ಹುಣಸಮಾರನಹಳ್ಳಿಯಿಂದ ನಿನ್ನ ಮುನಿಕೆಂಪಮ್ಮತ್ತೆ ಬಂದಿದ್ದಳು. ಆಯುಧಪೂಜೆ ದಿನ ನಾನು ಬೂದುಗುಂಬಳ, ಬಾಳೆಕಂದು ತರಲು ಆರ್.ಟಿ. ನಗರಕ್ಕೆ ಹೋದೆ. ಅಕ್ಕ ಸ್ಕೂಟರ್ ತೊಳೆದಳು, ಮಿಕ್ಸಿ ತೊಳೆದಳು, ಈಳಿಗೆಮಣೆ ತೊಳೆದಳು, ಆಮೇಲೆ ತಾರಸಿಗೆ ಹೋದಳು. ಗಾಜಿನ ಅಂಚಿಗೆ ನೀನು ಬಳಿದು, ಮಳೆಗಾಲವೆಲ್ಲ ನೀರು ತಡೆದಿದ್ದ ಆ ಕಪ್ಪು ಗೋಂದು ಅವಳ ಕಣ್ಣಿಗೆ ಕೊಳೆ. ತೆಂಗಿನ ನಾರು ಹಾಕಿ ಉಜ್ಜಿ, ಕೆರೆದು ತೆಗೆದು, ತಂಬಿಗೆಯಲ್ಲಿ ನೀರು ಸುರಿದು, ಅರಿಶಿನ ಕುಂಕುಮ ಇಟ್ಟು, ಸೇವಂತಿಗೆ ಏರಿಸಿದ್ದಾಳೆ. ನಾನು ಬಂದು ಕೂಗಾಡಿದರೆ, "ಮಿಕ್ಸಿಗ್ ಪೂಜೆ ಮಾಡ್ತೀಯ, ಕರೆಂಟ್ ಉಟ್ಸೋ ಯಂತ್ರುಕ್ ಬ್ಯಾಡ್ವೇನೋ? ನನ್ ಸೊಸೆ ಓದೋ ಸಾಮಾನ್ ಇಂಗೆ ಗಲೀಜಾಗಿರ್ಬೇಕಾ?" ಎಂದು ನನ್ನನ್ನೇ ಬೈದಳು.

ಎರಡು ದಿನದಲ್ಲಿ ಕೆಂಪು ಟೇಪಿನವು ಅಂಚಿನಿಂದ ಹಳದಿಯಾಗುತ್ತಾ ಬಂದವು. ಅಕ್ಕ ತಾನಿಟ್ಟ ಅರಿಶಿನವೇ ಮೆತ್ತಿಕೊಂಡಿದೆ ಅಂದುಕೊಂಡು ಸೆರಗಿನಲ್ಲಿ ಒರೆಸುತ್ತಲೇ ಇದ್ದಳು. "ಓಗ್ತಿಲ್ಲ ಕಣೋ ರಾಮು, ಏನ್ ಅರಿಶಿನಾನೋ ಇದು!" ನನಗೆ ಆ ಹಳದಿ ಕಂಡ ಕೂಡಲೇ ಕಾಲೇಜಿನ ಪ್ರಾಕ್ಟಿಕಲ್ಸ್ ನೆನಪಾಯಿತು. ಸೀಸದ ದ್ರಾವಣಕ್ಕೆ ಅಯೋಡೈಡ್ ಹಾಕಿದರೆ ಇದೇ ಬಣ್ಣ. ಕಾಸಿ ಆರಿಸಿದರೆ ಗೋಲ್ಡನ್ ಏನೋ ಅನ್ನುತ್ತಿದ್ದರು, ಅದೂ ಮರೆತಿದೆ. ನಿನ್ನ ಗಾಜಿನಲ್ಲೂ ಸೀಸವಿದೆ, ಅದು ವಿಷ ಅಂದಿದ್ದೆಯಲ್ಲ, ಕೂಡಲೇ ಅವಳ ಕೈಯನ್ನು ಸೋಪು ಹಾಕಿ ಮೊಳಕೈವರೆಗೂ ತೊಳೆಸಿದೆ, ಸೆರಗನ್ನೂ. ಹೆದರಬೇಡ, ಚೆನ್ನಾಗಿದ್ದಾಳೆ. ಸತ್ಯ ತಿಳಿದ ಮೇಲೆ ಅವಳು ಒಂದೇ ಮಾತು ಹೇಳಿದ್ದು: "ಮಳೆ ಒಳಿಕ್ ನುಗ್ತು ಅಂತ ಬರ್ದ್ಬುಡೋ." ನನಗೂ ಆಸೆಯಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಇಷ್ಟು ದಿನ ಬಿಸಿಲಲ್ಲಿ ನಿಂತು ನೋಡಿದ ಅಳತೆಗಳ ಕೊನೆಗೆ ಸುಳ್ಳೊಂದನ್ನು ಹೇಗಮ್ಮ ಸೇರಿಸಲಿ?

ಹಸಿರಿನವು ಇವತ್ತಿಗೂ ಮೊದಲಿನಂತೆ ಕಪ್ಪಗೇ ಇವೆ. ಗೋಂದಿಲ್ಲ, ನೀರು ಕುಡಿದಿವೆ, ಆದರೂ ಮೀಟರಿನಲ್ಲಿ ಒಂಚೂರು ಇಳಿದಿವೆಯೇ ಹೊರತು ಸತ್ತಿಲ್ಲ. ನಿನ್ನ ಗೈಡ್ ಇದನ್ನು ಒಪ್ಪುತ್ತಾರೋ ಇಲ್ಲವೋ ನನಗೆ ತಿಳಿಯದು. ಒಪ್ಪದಿದ್ದರೆ ಹೊಸ ಗಾಜು ತಂದಿಡು, ಮೀಟರ್ ಹಿಡಿಯಲು ನಾನಿದ್ದೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿಮ್ಮಮ್ಮನ ಹಾರೈಕೆಯನ್ನೂ ಸೇರಿಸಿ ಆಶೀರ್ವದಿಸುವ,

ನಿನ್ನ ಅಪ್ಪ
ರಾಮಕೃಷ್ಣಪ್ಪ

ತಾ.ಕ.: ಕೊರಿಯರ್‌ನವನು ಬಾಗಿಲಲ್ಲಿದ್ದಾನೆ. ಅತ್ತೆ ಶುಕ್ರವಾರವೇ ಊರಿಗೆ ಹೊರಟುಹೋದಳು. "ತಾಯಿಲ್ದಿರೋ ಮಗೀನ್ ಓದ್ ಆಳ್ಮಾಡ್ದೆ, ಇನ್ ಆ ಮನೆ ಒಸ್ಲು ತುಳಿಯಾಕಿಲ್ಲ" ಅನ್ನುತ್ತಾಳೆ, ದೀಪಾವಳಿಗೂ ಬರುವುದಿಲ್ಲವಂತೆ. ಹಸಿರಿನವು ಉಳಿದಿವೆ ಅಂತ ನಾನು ಹೇಳಿದರೆ ನಂಬುತ್ತಿಲ್ಲ. ಡಬ್ಬಿ ಬಿಚ್ಚಿದ ಕೂಡಲೇ ಅವಳಿಗೆ ಫೋನ್ ಮಾಡು. ಏನೂ ಆಗಿಲ್ಲ ಅನ್ನಬೇಡ, ಉಳಿದದ್ದು ಉಳಿದಿದೆ ಅಂತ ಮಾತ್ರ ಹೇಳು. ಒಂದು ಹಸಿರು ಗಾಜಿನ ಬೆನ್ನಿಗೆ ಅವಳಿಟ್ಟ ಕುಂಕುಮ ಹಾಗೇ ಬಿಟ್ಟಿದ್ದೇನೆ. ಒರೆಸುವುದಿದ್ದರೆ ಒರೆಸು, ಆದರೆ ಮೊದಲು ಅಬ್ಸರ್ವೇಶನ್ ಕಾಲಂನಲ್ಲಿ ಅದನ್ನೂ ಬರೆದುಕೋ.