ಕಿರಿಸೋಮೆ ಬಿಟ್ಟುಹೋದ ಮನೆ

ಮಗ ಪೆಸಮಿನೊಗೆ,

ಅಷ್ಟಕ್ಕೂ, ನಿನ್ನೆ ಫೋನಿನಲ್ಲಿ "ಅಪ್ಪಾ, ಇದು ನನ್ನ ಕಂಪನಿ ಕಟ್ತಿರೋ ಮೊದಲನೇ ಮನೆ, ನಿಮ್ಮ ಹಳೇ ಪುರಾಣ ಬೇಡ" ಅಂದೆಯಲ್ಲ, ಅದು ಬಡಗಿ ಕಿರಿಸೋಮೆ ಅರ್ಧ ಕಟ್ಟಿ ಬಿಟ್ಟ ಮನೆ ಕಣೋ. ಮನೆಯ ಯಜಮಾನ ಊಟಕ್ಕೆ ಬರೀ ಮೀನಿನ ಬಾಲ ಬಡಿಸಿ, "ಮುದುಕಂಗೆ ಇಷ್ಟು ಸಾಕು" ಅಂದದ್ದಕ್ಕೆ ಅವನು ಉಳಿ ಕೆಳಗಿಟ್ಟು ಎದ್ದುಹೋದ. ಬಡಗಿ ಮುನಿದು ಬಿಟ್ಟ ಮನೆಯನ್ನು ಅವನನ್ನು ಕೇಳದೆ ಇನ್ನೊಬ್ಬ ಮುಟ್ಟುವುದು ಸಮೋವಾದಲ್ಲಿ ಎಲ್ಲಾದರೂ ಉಂಟೇ? ಅದೂ ನಿನಗೆ ಉಳಿ ಹಿಡಿಯಲು ಕಲಿಸಿದವನ ಮನೆ! ಕಾಲೇಜಿನಲ್ಲಿ ಇದಕ್ಕೆ ಎಥಿಕ್ಸೋ ಎಟಿಕೆಟ್ಟೋ ಅನ್ನುತ್ತಿದ್ದರು, ಮರೆತೆ. ಇನ್ನು ಒಬ್ಬ ಬಡಗಿಯೂ ನಿನ್ನ ಕಂಪನಿಯ ಹೊಸ್ತಿಲು ತುಳಿಯುವುದಿಲ್ಲ.

ಶನಿವಾರ ಬಾ. ನಿನ್ನ ಮದುವೆಗೆಂದು ನಿನ್ನಮ್ಮ ನೇಯ್ದಿಟ್ಟು ಹೋದ ಚಾಪೆಯನ್ನು ಹೊರಗೆ ತೆಗೆದಿದ್ದೇನೆ. ನಮ್ಮಲ್ಲಿ ತಪ್ಪು ಮಾಡಿದವರು ಕ್ಷಮೆ ಕೇಳುವ ಹಾಗೆ ಅದನ್ನು ತಲೆಗೆ ಹೊದ್ದು, ಕಿರಿಸೋಮೆ ಒಳಗೆ ಕರೆಯುವವರೆಗೂ ಅವನ ಅಂಗಳದಲ್ಲಿ ಕೂರಬೇಕು. ಮಂಡಿ ನೋವಿದ್ದರೂ ಪಕ್ಕದಲ್ಲಿ ನಾನೂ ಕೂರುತ್ತೇನೆ. ಬೆಳಕು ಹೋಗುತ್ತಿದೆ, ಬರೆದದ್ದು ಕಾಣುತ್ತಿಲ್ಲ.

ನಿನ್ನಪ್ಪ,
ಇಯೋಪು