ಹದ್ದಿನ ತಲೆಯ ಕಾವಲು

ಅವ್ವ,

ನೀನಿದ್ದಾಗಲೂ ನಿನಗೆ ಓದಲು ಬರುತ್ತಿರಲಿಲ್ಲ. ಈಗ ನೀನೇ ಇಲ್ಲ. ಆದರೂ ಇವತ್ತಿನದನ್ನು ನಿನಗೆ ಹೇಳದೆ ಇರಲಾರೆ.

ಆ ಚಿನ್ನದ ನಾಣ್ಯ ನೆನಪಿದೆಯಲ್ಲ? ಮಗಳು ಗಂಗಾಲಕ್ಷ್ಮಿ ಹುಟ್ಟಿದಾಗ ಅವಳ ಓದಿಗೆಂದು ತಂದಿಟ್ಟಿದ್ದೆ. ಅದರ ಮೇಲೆ ಯಾವುದೋ ದೇಶದ ರಾಜಲಾಂಛನದ ಪ್ರಾಣಿ; ತಲೆ ಹದ್ದಿನದು, ಮೈ ಸಿಂಹದ್ದು. ನಿನ್ನ ಕಣ್ಣಿಗೆ ಆ ಮೈ ಚಿರತೆಯದು. ತೆರೆಯಬಾರದೆಂದು ನಾನು ಹೇಳಿದ್ದ ಡಬ್ಬಿ ತೆರೆದು, ಕಂಬಳಿ ಹೊಲಿಯುವ ದಬ್ಬಳದಿಂದ ತೂತು ಮಾಡಿ, ಕರಿದಾರ ಪೋಣಿಸಿ ಕೂಸಿನ ಕೊರಳಿಗೆ ಕಟ್ಟಿದ್ದವಳು ನೀನು.

"ನಮ್ ಕುರಿಮರಿಗಳ್ನ ಎತ್ಕಂಡೋಗೋವು ಹದ್ದು, ಚಿರ್ತೆ. ಅವೆರಡೂ ಸೇರಿ ಕಾವಲಿಗೆ ನಿಂತ್ರೆ ಮಗೀಗೆ ಇನ್ಯಾರ ಭಯ ಕಣ್ಲಾ" ಎಂದಿದ್ದೆ ನೀನು. ಅವತ್ತೇ ಸಂಜೆಯೊಳಗೆ ಅದನ್ನು ದಾರದ ಸಮೇತ ಕೂಸಿನ ತಲೆ ಮೇಲಿಂದ ತೆಗೆದು ಬೀರುವಿನಲ್ಲಿಟ್ಟವನು ನಾನು.

ಇವತ್ತು ಮಗಳ ಜೊತೆ ಶಿರಾಕ್ಕೆ ಹೋಗಿ ಮಾರಲು ಕೊಟ್ಟೆ. ಅಂಗಡಿಯವರು ಭೂತಗನ್ನಡಿ ಹಿಡಿದು, "ತೂತಾಗಿದೆ, ನಾಣ್ಯದ ರೇಟು ಸಿಗಲ್ಲ, ಕರಗಿಸ್ಬೇಕು. ಆದ್ರೆ ಪ್ರಾಣಿಗೆ ಒಂದು ಗೀರೂ ತಾಗಿಲ್ಲ ನೋಡಿ" ಎಂದರು. ಎಂಥ ಕೈ ಅವ್ವ ನಿನ್ನದು! ಕಟ್ಟಿಹಾಕಿದ ಕುರಿಮರಿ ಎಷ್ಟು ಎಳೆದರೂ ಬಿಚ್ಚದ ನಿನ್ನ ಗಂಟು ಅವರಿಗೂ ಬಗ್ಗಲಿಲ್ಲ. ಕತ್ತರಿ ತೆಗೆದರು. ಬೇಡವೆಂದು ವಾಪಸ್ ತಂದೆ.

ಬಸ್ಸಿನಲ್ಲಿ ಮಗಳು ಅದನ್ನು ಮುಂಗೈಗೆ ಸುತ್ತಿಕೊಂಡಳು. "ದಾರ ಸವೆದೇ ಇಲ್ವಲ್ಲಪ್ಪ. ಎಷ್ಟು ದಿನ ಹಾಕ್ಕೊಂಡಿದ್ದೆ ನಾನು?" ಎಂದು ಕೇಳಿದಳು.



ಗೋಪಾಲ